ಯಾವ ಅಶ್ವಿನಿ ರೀ?

ನಮ್ಮ ಬಗದಲ್‌ಗೆ ಬಂದು ಯಾರಾದರೂ "ಬಸವರಾಜ ಅವರು ಇದ್ದಾರೇನ್ರಿ?" ಎಂದು ಕೇಳಿದರೆ ಇದ್ದಾರೆ ಎಂದು ಯಾರೂ ಹೇಳುವುದಿಲ್ಲ, ಇಲ್ಲ ಎಂದೂ ಹೇಳುವುದಿಲ್ಲ. "ಯಾವ ಬಸವರಾಜ?" ಎಂದು ತಿರುಗಿ ಕೇಳುತ್ತಾರೆ. ಬಸವಕಲ್ಯಾಣ ಇರುವ ಜಿಲ್ಲೆ ನಮ್ಮದು. ಗಂಡು ಕೂಸಿಗೆ ಹೆಸರಿಡುವಾಗ ಹಿರಿಯರು ಬಹಳ ತಲೆ ಕೆಡಿಸಿಕೊಂಡಂತೆ ಕಾಣುವುದಿಲ್ಲ. ಅದೂ ಅಲ್ಲದೆ ಮುತ್ಯಾನ ಹೆಸರು ಮೊಮ್ಮಗನಿಗೆ ಇಡುವುದು ರೂಢಿ. ಮುತ್ಯಾನಿಗೆ ನಾಲ್ವರು ಗಂಡುಮಕ್ಕಳಿದ್ದು ನಾಲ್ವರಿಗೂ ಅಪ್ಪನ ಮೇಲೆ ಭಕ್ತಿ ಇದ್ದರೆ ಒಂದೇ ಅಂಗಳದಲ್ಲಿ ನಾಲ್ಕು ಬಸವರಾಜರು ಆಡುತ್ತಿರುತ್ತಾರೆ. ಅವ್ವ ಊಟಕ್ಕೆ ಕರೆದರೆ ನಾಲ್ವರೂ ಓಡಿ ಬರುತ್ತಾರೆ, ಅಂಗಡಿಗೆ ಹೋಗಿ ಎಣ್ಣೆ ತಾ ಎಂದು ಕರೆದರೆ ಒಬ್ಬನೂ ಬರುವುದಿಲ್ಲ.

ಮೊಬೈಲ್ ಬಂದ ಮೇಲೆ ಈ ಗೊಂದಲಕ್ಕೆ ಊರವರು ತಾವೇ ದಾರಿ ಹುಡುಕಿಕೊಂಡಿದ್ದಾರೆ. 'ಬಸವರಾಜ ಟ್ರ್ಯಾಕ್ಟರ್', 'ಬಸವರಾಜ ಎಲ್‌ಐಸಿ', 'ಬಸವರಾಜ ಭಾಲ್ಕಿ', 'ಬಸವರಾಜ ಸಾಲ'. ಈ ಕೊನೆಯವನ ಫೋನನ್ನು ಯಾರೂ ಎತ್ತುವುದಿಲ್ಲ. ಪಕ್ಕದ ಮನೆಯವರ ಮೊಬೈಲ್‌ನಲ್ಲಿ ನಾನು 'ಬಸವರಾಜ ಪೇಪರ್'. ಪೇಪರಿಗೆ ಬರೆಯುವವನೆಂದೋ, ದಿನಾ ಬೆಳಿಗ್ಗೆ ಅವರ ಮನೆಯ ಪೇಪರ್ ಇಸಗೊಂಡು ಓದುವವನೆಂದೋ, ಕೇಳುವ ಧೈರ್ಯ ನನಗೆ ಇನ್ನೂ ಬಂದಿಲ್ಲ.

ಇಂಥ ಹೆಸರು ಹೊತ್ತವನ ಫಜೀತಿಗಳಲ್ಲೆಲ್ಲ ದೊಡ್ಡದು ಒದಗಿದ್ದು ನೆರೆಯೂರಿನ ಜಾತ್ರೆಯಲ್ಲಿ. ಸಂಜೆ ಕುಸ್ತಿ ಇತ್ತು. ಹುಡುಗರ ಕಾಯಿ ಕುಸ್ತಿ, ಅಂದರೆ ಗೆದ್ದವನಿಗೆ ತೆಂಗಿನಕಾಯಿ ಕೊಡುವ ಕುಸ್ತಿಗಳು ಮುಗಿದು, ಬೆಳ್ಳಿ ಕಡಗದ ಕುಸ್ತಿಗೆ ಕಣ ಸಜ್ಜಾಗುತ್ತಿತ್ತು. ನಾನು ಅಂಚಿನಲ್ಲಿ ಕುಳಿತು ಬಿಸಿ ಭಜಿಯ ಪೊಟ್ಟಣ ಬಿಚ್ಚಿದ್ದೆ. ಮೈಕಿನಲ್ಲಿ ಕೂಗಿದರು: "ಬಗದಲ್ ಬಸವರಾಜ ಎಲ್ಲಿದ್ದರೂ ಕಣಕ್ಕ ಬರಬೇಕು!" ನಮ್ಮೂರಿನ ಪಡ್ಡೆಗಳಿಬ್ಬರು ನನ್ನ ಕಡೆ ತಿರುಗಿದರು. "ಏಳ್ರಿ ಸರ್, ಊರಿನ ಮರ್ಯಾದಿ ಪ್ರಶ್ನಿ ಅದ" ಎಂದು ರಟ್ಟೆಗೆ ಕೈ ಹಾಕಿದರು. ಮುಂದಿನ ಸಾಲಿನವರು ವಿಚಾರಿಸಲಿಲ್ಲ, ಎತ್ತಿ ದಾಟಿಸಿದರು. ಕಣದಲ್ಲಿ ಮೈಗೆ ಮಣ್ಣು ತಿಕ್ಕಿಕೊಂಡು ನಿಂತಿದ್ದ ಲಾತೂರ್ ಕಡೆಯ ಪೈಲ್ವಾನ ಮೊದಲು ನನ್ನ ಕನ್ನಡಕ ನೋಡಿದ, ಆಮೇಲೆ ಭಜಿ ಪೊಟ್ಟಣ ನೋಡಿದ, ಕೊನೆಗೆ ಪಂಚರ ಕಡೆ ನೋಡಿದ. ಅಷ್ಟು ಕನಿಕರದಿಂದ ನನ್ನನ್ನು ನನ್ನ ಹೆತ್ತವರೂ ನೋಡಿದ್ದಿಲ್ಲ. ಅಷ್ಟರಲ್ಲಿ ಜನರನ್ನು ಸರಿಸಿಕೊಂಡು, ತೊಡೆ ತಟ್ಟುತ್ತ, ಖರೆ ಬಗದಲ್ ಬಸವರಾಜ ಇಳಿದುಬಂದ. ಗೆದ್ದೂಬಿಟ್ಟ.

ಅವತ್ತಿನಿಂದ ಊರಲ್ಲಿ ಅವನು ಬರೀ ಬಸವರಾಜ. ನಾನು 'ಭಜಿ ಬಸವರಾಜ'.

ಲೋಕದ ಒಂದು ಕಟ್ಟಳೆ ನನಗೆ ಕಂಡದ್ದು ಹೀಗೆ. ಒಂದು ಹೆಸರು ಹಲವರಿಗಿದ್ದರೆ ಬರೀ ಹೆಸರು ಒಬ್ಬನ ಪಾಲಾಗುತ್ತದೆ. ಮಿಕ್ಕವರು ಊರನ್ನೋ ಅಪ್ಪನನ್ನೋ ಕೊನೆಗೆ ಭಜಿಯನ್ನೋ ಬೆನ್ನಿಗೆ ಕಟ್ಟಿಕೊಂಡು ತಿರುಗಬೇಕು. ಆಗಿನಿಂದ ಪೇಪರಿನ ಆಟದ ಪುಟವನ್ನು ನಾನು ಬೇರೆ ಕಣ್ಣಿನಿಂದ ಓದುತ್ತೇನೆ. ಯಾರು ಎಷ್ಟು ಹೊಡೆದರು, ಯಾರು ಎಷ್ಟು ಓಡಿದರು ಎಂಬುದೆಲ್ಲ ಆಮೇಲೆ. ಬರೀ ಹೆಸರು ಯಾರದು? ಅದು ಮೊದಲು.

ನಮ್ಮಣ್ಣನ ಮಗ ನೌಕರಿ ಪರೀಕ್ಷೆಗಳಿಗೆ ಓದುತ್ತಿದ್ದಾನೆ. ಸಾಮಾನ್ಯ ಜ್ಞಾನದ ಪುಸ್ತಕ ಹಿಡಿದು ಅಡ್ಡಾಡುತ್ತ ಸಿಕ್ಕವರಿಗೆಲ್ಲ ಪ್ರಶ್ನೆ ಎಸೆಯುವುದು ಅವನ ಅಭ್ಯಾಸ. ಒಂದಿನ ಬಂದು "ಕಾಕಾ, ಅರ್ಜುನ ಪ್ರಶಸ್ತಿ ಪಡೆದ ಕರ್ನಾಟಕದ ಅಶ್ವಿನಿ ಯಾರು?" ಅಂದ. ಕೆಳಗೆ ಮೂರು ಉತ್ತರ: ನಾಚಪ್ಪ, ಪೊನ್ನಪ್ಪ, ಅಕ್ಕುಂಜಿ. ನಾಚಪ್ಪ ಅವರಿಗೆ 1988ರಲ್ಲಿ ಬಂತು, ಪೊನ್ನಪ್ಪ ಅವರಿಗೆ 2012ರಲ್ಲಿ ಬಂತು, ಎರಡಕ್ಕೂ ಗುರುತು ಹಾಕು ಎಂದೆ. ಎರಡಕ್ಕೆ ಹಾಕಿದರೆ ಮಾರ್ಕ್ಸ್ ಕಟ್ ಆಗ್ತದ ಕಾಕಾ ಎಂದ. ಪುಸ್ತಕದವರ ಉತ್ತರ ಏನಿತ್ತೋ, ಆ ಹಾಳೆಯನ್ನು ಇಲಿ ತಿಂದಿತ್ತು.

ಈ ಮೂವರು ಅಶ್ವಿನಿಯರು ಕರ್ನಾಟಕದ ಆಟದ ಬಯಲಿನ ದೊಡ್ಡ ಸೋಜಿಗ. ಮೊದಲನೆಯವರು ಕೊಡಗಿನ ಅಶ್ವಿನಿ ನಾಚಪ್ಪ. ಎಂಬತ್ತರ ದಶಕದಲ್ಲಿ, ಇಡೀ ದೇಶ ಪಿ.ಟಿ. ಉಷಾ ಅವರ ಬೆನ್ನು ನೋಡುತ್ತ ಓಡುತ್ತಿದ್ದಾಗ, ಅವರನ್ನೇ ಹಿಂದೆ ಹಾಕಿ ಹೆಸರಾದವರು. ಎರಡನೆಯವರು ಅಶ್ವಿನಿ ಪೊನ್ನಪ್ಪ. ಅವರೂ ಕೊಡವರೇ, ಹುಟ್ಟಿದ್ದು ಬೆಂಗಳೂರು, ಅಪ್ಪ ಹಾಕಿ ಆಟಗಾರ. ಮಗಳು ಹಾಕಿ ಕೋಲು ಬಿಟ್ಟು ಶಟಲ್ ರಾಕೆಟ್ ಹಿಡಿದರು. ಮೂರನೆಯವರು ಉಡುಪಿ ಜಿಲ್ಲೆಯ ಸಿದ್ದಾಪುರದ ಅಶ್ವಿನಿ ಅಕ್ಕುಂಜಿ, 400 ಮೀಟರ್ ಹರ್ಡಲ್ಸ್‌ನವರು. ನಾಚಪ್ಪ ಅವರದು ಅಡ್ಡಿ ಇಲ್ಲದ ಓಟ, ಅಕ್ಕುಂಜಿ ಅವರದು ಅಡ್ಡಿ ದಾಟುವ ಓಟ. ಪೊನ್ನಪ್ಪ ಅವರದು ಓಡಿದಷ್ಟೂ ಅಂಗಳದ ಗೆರೆಯೊಳಗೇ ಇರಬೇಕಾದ ಆಟ. ಮಲೆನಾಡು, ಕರಾವಳಿಗಳಲ್ಲಿ ಆ ಹೆಸರಿಗೆ ಕಾಲಿನ ಬಲ ಇದ್ದೀತು. ನಮ್ಮ ಕಡೆಯ ಅಶ್ವಿನಿಯರು ಬ್ಯಾಂಕಿನಲ್ಲಿ, ಸಾಲಿಯಲ್ಲಿ, ದವಾಖಾನೆಯಲ್ಲಿ ಸಿಗುತ್ತಾರೆ. ಓಡುವುದು ಬೀದರ್ ಬಸ್ ತಪ್ಪುವಾಗ ಮಾತ್ರ.

2010ರ ಅಕ್ಟೋಬರ್‌ನಲ್ಲಿ ದಿಲ್ಲಿಯಲ್ಲಿ ಕಾಮನ್‌ವೆಲ್ತ್ ಕ್ರೀಡಾಕೂಟ. 12ನೇ ತಾರೀಖು 4x400 ಮೀಟರ್ ರಿಲೇಯಲ್ಲಿ ಮಂಜೀತ್ ಕೌರ್, ಸಿನಿ ಜೋಸ್, ಮನ್‌ದೀಪ್ ಕೌರ್ ಅವರ ಜೊತೆ ಓಡಿ ಅಕ್ಕುಂಜಿ ಚಿನ್ನ ತಂದರು. ಅದಾಗಿ ಎರಡೇ ದಿನಕ್ಕೆ, ಕೂಟದ ಕೊನೆಯ ದಿನ, ಜ್ವಾಲಾ ಗುಟ್ಟಾ ಅವರ ಜೊತೆ ಪೊನ್ನಪ್ಪ ಡಬಲ್ಸ್ ಚಿನ್ನ ಗೆದ್ದರು. ಅದು ಸುಮ್ಮನೆ ಬಂದ ಚಿನ್ನವಲ್ಲ. ಅವತ್ತು ಸೈನಾ ನೆಹ್ವಾಲ್ ಅವರದೂ ಸೇರಿ ಭಾರತದ ಲೆಕ್ಕ 38ಕ್ಕೆ ಹೋಯಿತು, ಇಂಗ್ಲೆಂಡ್ 37ರಲ್ಲಿ ನಿಂತಿತು, ನಾವು ಎರಡನೇ ಸ್ಥಾನಕ್ಕೆ ಏರಿದೆವು. ಒಂದೇ ಊರಿನ ಕೂಟ, ಒಂದೇ ವಾರ, ಒಂದೇ ರಾಜ್ಯದ ಇಬ್ಬರು ಅಶ್ವಿನಿಯರ ಕೊರಳಲ್ಲಿ ಚಿನ್ನ. ನಮ್ಮೂರಿನ ಚಹಾದಂಗಡಿಯ ಕಾಕಾನಿಗೆ ಇದನ್ನು ಬಿಡಿಸಿ ಹೇಳಲು ಹೋದೆ. "ಮೊನ್ನಿ ಓಡಿ ಗೆದ್ದಾಕಿ ಇವತ್ತು ಬ್ಯಾಟ್ ಹಿಡಕೊಂಡೂ ಗೆದ್ಳೇನು? ಭಾರಿ ಹುಡುಗಿ ಬಿಡ್ರಿ!" ಎಂದರು. ಅಲ್ಲ ಕಾಕಾ, ಅವರು ಬೇರೆ ಇವರು ಬೇರೆ ಎಂದೆ. ನನಗೆ ಅವರಿಬ್ಬರ ಮೇಲೆ ಹೊಟ್ಟೆಕಿಚ್ಚು ಎಂದು ಅವರು ತಿಳಿದುಕೊಂಡರು.

ಮರುತಿಂಗಳು ಗ್ವಾಂಗ್‌ಝೌ ಏಷ್ಯನ್ ಕೂಟದಲ್ಲಿ ಅಕ್ಕುಂಜಿ ಹರ್ಡಲ್ಸ್ ಮತ್ತು ರಿಲೇ ಎರಡರಲ್ಲೂ ಚಿನ್ನ ಗೆದ್ದರು. 2011 ಬಂದಾಗ ಪೇಪರ್ ಓದುವುದು ಕಷ್ಟವಾಯಿತು. ಒಬ್ಬ ಅಶ್ವಿನಿ ಉದ್ದೀಪನ ಮದ್ದಿನ ಪರೀಕ್ಷೆಯಲ್ಲಿ ಸಿಕ್ಕಿಬಿದ್ದ ಸುದ್ದಿ. ಚೀನಾದಿಂದ ಬಂದ ಜಿನ್‌ಸೆಂಗ್ ಮಾತ್ರೆಯಿಂದ ಆದದ್ದು ಎಂದು ಓಟಗಾರ್ತಿಯರು ವಾದಿಸಿದರೂ ನಿಷೇಧ ತಪ್ಪಲಿಲ್ಲ, ಕಡೆಗದು ಎರಡು ವರ್ಷವಾಯಿತು. ಅದೇ ವರ್ಷದ ಆಗಸ್ಟ್‌ನಲ್ಲಿ ಇನ್ನೊಬ್ಬ ಅಶ್ವಿನಿ ಲಂಡನ್‌ನ ವಿಶ್ವ ಬ್ಯಾಡ್ಮಿಂಟನ್ ಚಾಂಪಿಯನ್‌ಷಿಪ್‌ನಲ್ಲಿ ಜ್ವಾಲಾ ಅವರ ಜೊತೆ ಕಂಚು ಗೆದ್ದರು. ಮಹಿಳೆಯರ ಡಬಲ್ಸ್‌ನಲ್ಲಿ ಭಾರತಕ್ಕೆ ಅಂಥ ಪದಕ ಅದೇ ಮೊದಲು. ಒಂದು ಹೆಸರಿನಲ್ಲಿ ಒಂದೇ ಮಳೆಗಾಲಕ್ಕೆ ದುಃಖವೂ ಬಂತು, ಸಂತೋಷವೂ ಬಂತು. ತಲೆಬರಹ ಬರೆಯುವವರು ಆ ವರ್ಷ ಪೊನ್ನಪ್ಪ, ಅಕ್ಕುಂಜಿ ಎಂಬ ಪದಗಳನ್ನು ಎಷ್ಟು ಜೋಪಾನವಾಗಿ ಅಚ್ಚು ಹಾಕಿಸಿದ್ದಿರಬೇಕು!

ಮೊದಲನೆಯ ಅಶ್ವಿನಿಯವರ ಬಗ್ಗೆ ಇನ್ನೊಂದು ಮಾತು ಹೇಳದೆ ಮುಂದೆ ಹೋಗಲಾರೆ. 1991ರಲ್ಲಿ ಅವರ ಬದುಕನ್ನೇ ಇಟ್ಟುಕೊಂಡು ತೆಲುಗಿನಲ್ಲಿ 'ಅಶ್ವಿನಿ' ಎಂಬ ಸಿನಿಮಾ ಬಂತು, ಅವರೇ ನಾಯಕಿ. ನಾವು ಬೀದರಿನವರು, ಗಡಿ ದಾಟಿದರೆ ಜಹೀರಾಬಾದ್; ತೆಲುಗು ಸಿನಿಮಾ ನಮಗೆ ಪರದೇಶದ್ದಲ್ಲ. ನನಗೆ ಖುಷಿ ಕೊಡುವುದು ಆ ಸಿನಿಮಾ ತೆಗೆದ ರಾಮೋಜಿರಾವ್ ಅವರ ಸಂಸ್ಥೆಯ ಹೆಸರು: ಉಷಾಕಿರಣ್ ಮೂವೀಸ್. ಟ್ರ್ಯಾಕಿನ ಮೇಲೆ ಉಷಾ ಅವರನ್ನು ದಾಟಿದ ಅಶ್ವಿನಿ ತೆರೆಯ ಮೇಲೆ ಬರುವ ಮೊದಲು ಉಷಾ ಬಂದೇ ಬರಬೇಕಾಯಿತು.

ಈ ಮೂವರಲ್ಲಿ ಬರೀ ಹೆಸರು ಯಾರದು? ಯಾರದೂ ಅಲ್ಲ. ಮೂವರೂ ಸರಿಸಮವಾಗಿ ತಂತಮ್ಮ ಮನೆತನದ, ಅಪ್ಪನ ಹೆಸರು ಹೊತ್ತಿದ್ದಾರೆ, ಒಬ್ಬರು ಇನ್ನೊಬ್ಬರ ನೆರಳಿಗೆ ಬಿದ್ದಿಲ್ಲ. ಇದಕ್ಕೆ ಕಾರಣ ನನ್ನ ಪ್ರಕಾರ ಒಂದೇ: ಮೂವರಲ್ಲಿ ಯಾರೂ ಕ್ರಿಕೆಟ್ ಆಡಲಿಲ್ಲ. ನಮ್ಮ ದೇಶದಲ್ಲಿ ಕ್ರಿಕೆಟ್ ಇದೆಯಲ್ಲ, ಅದು ಓಣಿಯಲ್ಲಿ ಅಡ್ಡ ನಿಲ್ಲಿಸಿದ ಕಬ್ಬಿನ ಟ್ರ್ಯಾಕ್ಟರ್ ಇದ್ದಂತೆ. ಅದು ನಿಂತಿತೆಂದರೆ ಮಿಕ್ಕವರೆಲ್ಲ ಗೋಡೆಗೆ ಆತುಕೊಂಡೇ ಹೋಗಬೇಕು. ಹಾಗೂ ನೋಡಿ, ಚೆನ್ನೈನ ರವಿಚಂದ್ರನ್ ಅಶ್ವಿನ್ ಟೆಸ್ಟ್‌ನಲ್ಲಿ 537 ವಿಕೆಟ್ ಕಿತ್ತು, ಅರ್ಧ ಅಕ್ಷರ ಕಡಿಮೆ ಇದ್ದರೂ ಅಷ್ಟು ದೂರದಿಂದಲೇ ಈ ಹೆಸರಿಗೆ ಕೈ ಹಾಕಿದರು. "ಅಶ್ವಿನಿ ಅಂದ್ರ ಆ ಅಶ್ವಿನ್‌ನ ತಂಗಿ ಏನ್ರಿ?" ಎಂದು ಚಹಾದ ಕಾಕಾ ಒಮ್ಮೆ ಕೇಳಿದ್ದು ನನ್ನ ವಾದಕ್ಕೆ ಸಾಕಷ್ಟು ಪುರಾವೆ.

ಹೆಚ್ಚಿನ ಪುರಾವೆ ಬೇಕೆಂದರೆ ಉತ್ತಪ್ಪ ಎನ್ನಿ. ಯಾರು ಕಣ್ಣ ಮುಂದೆ ಬಂದರು? ರಾಬಿನ್ ಉತ್ತಪ್ಪ. 2007ರ ಸೆಪ್ಟೆಂಬರ್, ಡರ್ಬನ್, ಪಾಕಿಸ್ತಾನದ ಮೇಲೆ ಟೈ ಆದ ಮ್ಯಾಚು, ಬೌಲ್-ಔಟ್. ಬೌಲರ್ ಅಲ್ಲದ ಆ ಹುಡುಗ ಬಂದು ಸ್ಟಂಪಿಗೆ ಹೊಡೆದು, ಟೋಪಿ ತೆಗೆದು ಬಾಗಿ ನಮಸ್ಕಾರ ಮಾಡಿದ್ದು ನೆನಪಾಯಿತೇ? ಆಯಿತಲ್ಲ. ಈಗ ಹೇಳಿ, 2012ರ ಲಂಡನ್ ಮತ್ತು 2016ರ ರಿಯೊ, ಎರಡೆರಡು ಒಲಿಂಪಿಕ್ಸ್‌ಗಳಲ್ಲಿ ಭಾರತದ ಹಾಕಿ ಅಂಗಿ ತೊಟ್ಟ ಉತ್ತಪ್ಪ ಯಾರು? ಅವರು ಎಸ್.ಕೆ. ಉತ್ತಪ್ಪ, ಸಣ್ಣುವಂಡ ಕುಶಾಲಪ್ಪ ಉತ್ತಪ್ಪ. ಒಲಿಂಪಿಕ್ಸ್‌ಗೆ ಹೋದವರು ಎರಡು ಇನಿಷಿಯಲ್ ಇಟ್ಟುಕೊಂಡು ಗೋಡೆಗೆ ಆತುಕೊಂಡಿದ್ದಾರೆ. ಇದರಲ್ಲಿ ಇನ್ನೂ ಒಂದು ಚೋದ್ಯ ಉಂಟು: ರಾಬಿನ್ ಅವರ ಅಪ್ಪ ವೇಣು ಉತ್ತಪ್ಪ ಅಂತರರಾಷ್ಟ್ರೀಯ ಹಾಕಿ ಅಂಪೈರ್. ಹಾಕಿ ಮನೆಯಿಂದಲೇ ಕ್ರಿಕೆಟ್ ಆ ಹೆಸರನ್ನು ಎತ್ತಿಕೊಂಡು ಹೋಯಿತು.

ಕೊಡವರಿಗೆ ಈ ಬಾಧೆಗೆ ಒಂದು ಮದ್ದಿದೆ, ನಮಗಿಲ್ಲ. ಅವರ ಹೆಸರಿನ ಮುಂದೆ ಮನೆತನದ ಹೆಸರು ಗಟ್ಟಿಯಾಗಿ ಕುಳಿತಿರುತ್ತದೆ. ಮೊಳ್ಳೇರ, ಸಣ್ಣುವಂಡ, ಮಚ್ಚಂಡ. ಮನೆಹೆಸರು ಹಿಡಿದರೆ ಮನುಷ್ಯ ಸಿಗುತ್ತಾನೆ. ಅವರು ಅದನ್ನೇ ಆಟವಾಗಿಯೂ ಮಾಡಿದ್ದಾರೆ. ಪಾಂಡಂಡ ಕುಟ್ಟಪ್ಪ ಎಂಬವರು 1997ರಲ್ಲಿ ಕರಡ ಎಂಬ ಊರಿನಲ್ಲಿ ಕೊಡವ ಕುಟುಂಬಗಳ ಹಾಕಿ ಪಂದ್ಯಾವಳಿ ಶುರು ಮಾಡಿದರು, 60 ಕುಟುಂಬಗಳು ಬಂದವು. 2024ರಲ್ಲಿ ನಾಪೋಕ್ಲುವಿನಲ್ಲಿ ಕುಂಡ್ಯೋಳಂಡ ಮನೆಯವರು ನಡೆಸಿದಾಗ ಬಂದ ತಂಡಗಳು 360. ಗಿನ್ನೆಸ್ ಪುಸ್ತಕದವರು ಬರೆದುಕೊಂಡರು. ಒಂದು ತಂಡವೆಂದರೆ ಒಂದು ಮನೆ, ಎಲ್ಲರಿಗೂ ಒಂದೇ ಮನೆಹೆಸರು. ಅಜ್ಜ ಗೋಲ್ ಕಾಯುತ್ತಾನೆ, ಸೊಸೆ ಮುಂದೆ ಆಡುತ್ತಾಳೆ, ಮೊಮ್ಮಗ ಮಧ್ಯದಲ್ಲಿ ಓಡುತ್ತಾನೆ. ವೀಕ್ಷಕ ವಿವರಣೆ ಹೇಳುವವನ ಪಾಡು ನೆನೆದರೆ ನನಗೆ ಕರುಳು ಚುರ್ ಎನ್ನುತ್ತದೆ. ನಮ್ಮಲ್ಲಿ ಹೀಗೆ ಶುರು ಮಾಡಿದರೆ ಪಾಟೀಲರ ತಂಡವೇ ಎಷ್ಟಾದೀತು, ಬಿರಾದಾರರ ತಂಡ ಎಷ್ಟಾದೀತು! ಫೈನಲ್ ಪಾಟೀಲರಿಗೂ ಪಾಟೀಲರಿಗೂ ನಡೆದು, ಗೆದ್ದ ಪಾಟೀಲರು ಯಾರೆಂಬ ತಕರಾರು ಬೀದರ್ ಕೋರ್ಟಿಗೆ ಹೋಗುತ್ತದೆ.

ಮೊಳ್ಳೇರ ಎಂದಾಗ ಎಂ.ಪಿ. ಗಣೇಶ್ ನೆನಪಾದರು. 1972ರ ಮ್ಯೂನಿಕ್ ಒಲಿಂಪಿಕ್ಸ್‌ನಲ್ಲಿ ಕಂಚು ಗೆದ್ದ ತಂಡದಲ್ಲಿದ್ದವರು. ಮರುವರ್ಷ ಆಮ್‌ಸ್ಟಲ್‌ವೀನ್‌ನ ವಿಶ್ವಕಪ್‌ಗೆ ಅವರೇ ನಾಯಕ. ಫೈನಲ್‌ನಲ್ಲಿ ನೆದರ್‌ಲ್ಯಾಂಡ್ಸ್ ಜೊತೆ 2-2 ಸಮವಾಗಿ, ಪೆನಾಲ್ಟಿ ಸ್ಟ್ರೋಕ್‌ನಲ್ಲಿ ಕಪ್ಪು ಕೈಜಾರಿತು. ಅದೇ 1973ರ ಜೂನ್‌ನಲ್ಲಿ ಇನ್ನೊಬ್ಬ ಗಣೇಶ ಹುಟ್ಟಿದ್ದ, ಮುಂದೆ ಕರ್ನಾಟಕದ ವೇಗದ ಬೌಲರ್ ಆಗಿ 1997ರಲ್ಲಿ ನಾಲ್ಕು ಟೆಸ್ಟ್ ಆಡಿದ ದೊಡ್ಡ ಗಣೇಶ್. ಅಪ್ಪ ದೊಡ್ಡನರಸಯ್ಯ ಅವರ ಹೆಸರಿನಿಂದ ಅಂಟಿಕೊಂಡ 'ದೊಡ್ಡ' ಅದು. ವಿಶ್ವಕಪ್ ಫೈನಲ್‌ವರೆಗೆ ದೇಶವನ್ನು ಒಯ್ದ, 2020ರಲ್ಲಿ ಪದ್ಮಶ್ರೀ ಪಡೆದ ಹಿರಿಯ ಗಣೇಶ್ ಇರುವಾಗ 'ದೊಡ್ಡ' ಎಂಬುದು ಕಿರಿಯ ಗಣೇಶ್‌ಗೆ ಹೋಗಿದೆ. ಕ್ರಿಕೆಟ್ ಇಲ್ಲಿಯೂ ಕೈಚಳಕ ತೋರಿಸಿದೆ ಎಂದು ನನ್ನ ಗುಮಾನಿ, ಆದರೆ ಆ ಬೌಲರ್ ಪುಣ್ಯಾತ್ಮ ರಣಜಿಯಲ್ಲಿ ಕರ್ನಾಟಕಕ್ಕಾಗಿ ಬೆವರು ಹರಿಸಿದ ಪರಿ ನೆನೆದು ಸುಮ್ಮನಾಗುತ್ತೇನೆ.

ಸುನಿಲ್ ಎಂಬ ಹೆಸರಿನದು ಇನ್ನೂ ದೊಡ್ಡ ಸಂತೆ. ಬರೀ ಹೆಸರು ಗಾವಸ್ಕರ್ ಅವರು 1971ರಲ್ಲೇ ವೆಸ್ಟ್ ಇಂಡೀಸ್‌ನಲ್ಲಿ 774 ರನ್ ಕೊಟ್ಟು ಕೊಂಡುಕೊಂಡುಬಿಟ್ಟರು. ಆಮೇಲೆ ಬಂದ ಗದಗಿನ ಸುನಿಲ್ ಜೋಶಿ 1999ರಲ್ಲಿ ನೈರೋಬಿಯಲ್ಲಿ ದಕ್ಷಿಣ ಆಫ್ರಿಕಾದ ಮೇಲೆ ಹತ್ತು ಓವರ್ ಎಸೆದು ಬರೀ 6 ರನ್ ಕೊಟ್ಟು 5 ವಿಕೆಟ್ ಕಿತ್ತರೂ ಜೋಶಿಯಾಗಿಯೇ ಉಳಿದರು. ಸೋಮವಾರಪೇಟೆಯ ಹಾಕಿ ಆಟಗಾರ ಎಸ್.ವಿ. ಸುನಿಲ್ ತಮ್ಮ ಊರನ್ನೂ ಅಪ್ಪನನ್ನೂ ಇನಿಷಿಯಲ್‌ಗಳಲ್ಲಿ ಕಟ್ಟಿಕೊಂಡು ಬಲಬದಿಯಲ್ಲಿ ಗಾಳಿಯ ವೇಗದಲ್ಲಿ ಓಡಿದರು. ಬೆಂಗಳೂರು ಎಫ್‌ಸಿಗೆ ಆಡಿ ಕನ್ನಡಿಗರ ಮನೆಮಗನಾದ ಸುನಿಲ್ ಚೆಟ್ರಿ ಹುಟ್ಟಿದ್ದು ನಮಗೆ ಹತ್ತಿರದ ಸಿಕಂದರಾಬಾದಿನಲ್ಲಿ. 2018ರ ಜೂನ್‌ನಲ್ಲಿ ಮುಂಬೈಯಲ್ಲಿ ಚೈನೀಸ್ ತೈಪೆಯ ಮೇಲೆ ಭಾರತ 5-0 ಗೆದ್ದಿತು, ಚೆಟ್ರಿ ಅವರದೇ ಮೂರು ಗೋಲು, ನೋಡಲು ಬಂದವರು 2,569 ಮಂದಿ. ಮರುದಿನ ಆ ಮನುಷ್ಯ ವಿಡಿಯೊ ಮಾಡಿ, ಬೈಯಲಿಕ್ಕಾದರೂ ಬನ್ನಿ, ಮೈದಾನಕ್ಕೆ ಬನ್ನಿ ಎಂದು ಕೈಮುಗಿದು ಕೇಳಿಕೊಂಡರು. ಹೆಸರು ಗಾವಸ್ಕರ್ ಅವರದೇ, ಊರು ಗಾವಸ್ಕರ್ ಅವರದೇ, ಆಟ ಮಾತ್ರ ಬೇರೆ.

ಗಾವಸ್ಕರ್ ಬಂದರೆ ಅವರ ಮಗ ಬರಲೇಬೇಕು, ಇದು ಬೀಗತನದ ಕಥೆ. ಗಯಾನಾದಲ್ಲಿ ನೆಲೆಸಿದ ಭಾರತ ಮೂಲದ ಕುಟುಂಬದಲ್ಲಿ ಹುಟ್ಟಿದ ರೋಹನ್ ಕನ್ಹಾಯ್ ಎಂಬ ಬ್ಯಾಟ್ಸ್‌ಮನ್ ಎಂದರೆ ಗಾವಸ್ಕರ್‌ಗೆ ಪ್ರಾಣ. ಹಾಗಾಗಿ ಮಗನಿಗೆ ರೋಹನ್. ಅಷ್ಟಕ್ಕೇ ಬಿಡದೆ ಹೈದರಾಬಾದಿನ ಜೈಸಿಂಹ ಮತ್ತು ನಮ್ಮ ಭದ್ರಾವತಿಯ ವಿಶ್ವನಾಥ್ ಇಬ್ಬರನ್ನೂ ಸೇರಿಸಿ ನಡುವೆ 'ಜೈವಿಶ್ವ' ಎಂದು ಇಟ್ಟರು. ಗಾವಸ್ಕರ್ ಅವರ ತಂಗಿಯನ್ನು ಮದುವೆಯಾದ ವಿಶ್ವನಾಥ್ ಆ ಹುಡುಗನಿಗೆ ಸ್ವಂತ ಮಾವ. ಒಂದೇ ಕೂಸಿನ ಹೆಸರಿನಲ್ಲಿ ಮೂವರು ಬ್ಯಾಟ್ಸ್‌ಮನ್‌ಗಳು! ಇನ್ನು ಸುರತ್ಕಲ್‌ನ ಪ್ರಾಧ್ಯಾಪಕ ಲೋಕೇಶ್ ಅವರು ಗಾವಸ್ಕರ್ ಅಭಿಮಾನಿ. ತಮ್ಮ ಮಗನಿಗೆ ಗಾವಸ್ಕರ್ ಮಗನ ಹೆಸರನ್ನೇ ಇಡಲು ಹೋಗಿ, ಅದು ರಾಹುಲ್ ಇರಬೇಕೆಂದುಕೊಂಡು ರಾಹುಲ್ ಎಂದೇ ಇಟ್ಟರು ಎಂಬ ಕಥೆ ಕ್ರಿಕೆಟ್ ಲೋಕದಲ್ಲಿ ಬಹುಕಾಲದಿಂದ ಓಡಾಡುತ್ತಿದೆ. ಆ ಕೂಸೇ ಕೆ.ಎಲ್. ರಾಹುಲ್.

ಈ ಕಥೆಯ ಲಾಭ ಯಾರಿಗಾಯಿತು ಎಂದು ಯಾರೂ ಯೋಚಿಸಿದಂತಿಲ್ಲ, ನಾನು ಯೋಚಿಸಿದ್ದೇನೆ. ಲಾಭವಾದದ್ದು ರೋಹನ್ ಬೋಪಣ್ಣ ಅವರಿಗೆ. ಸುರತ್ಕಲ್‌ನಲ್ಲಿ ಸರಿಯಾದ ಹೆಸರೇ ಬಿದ್ದಿದ್ದರೆ ಕರ್ನಾಟಕಕ್ಕೆ ಭಾರತ ತಂಡದ ಒಬ್ಬ ರೋಹನ್ ಸಿಕ್ಕು, ಕೊಡಗಿನ ಟೆನಿಸ್ ರೋಹನ್ ಗೋಡೆಗೆ ಆತುಕೊಳ್ಳಬೇಕಾಗುತ್ತಿತ್ತು. ಹಾಗಾಗದ ಕಾರಣ 2024ರ ಜನವರಿಯಲ್ಲಿ ಮ್ಯಾಥ್ಯೂ ಎಬ್ಡೆನ್ ಜೊತೆ ಆಸ್ಟ್ರೇಲಿಯನ್ ಓಪನ್ ಡಬಲ್ಸ್ ಗೆದ್ದು, 43ರ ವಯಸ್ಸಿನಲ್ಲಿ ಜಗತ್ತಿನ ಮೊದಲ ಸ್ಥಾನಕ್ಕೆ ಏರಿದಾಗ ರೋಹನ್ ಎಂದರೆ ಕನ್ನಡಿಗರಿಗೆ ಅವರೊಬ್ಬರೇ. ಪಾಪ, ಪೆಟ್ಟು ಬಿದ್ದದ್ದು ಸುರತ್ಕಲ್‌ನ ಹುಡುಗನಿಗೆ. ಅವನು ಬರುವ ಹೊತ್ತಿಗೆ ಕರ್ನಾಟಕದಲ್ಲಿ ಬರೀ ರಾಹುಲ್ ಎಂಬ ಹೆಸರು ಗೋಡೆಯೊಂದರ ಪಾಲಾಗಿತ್ತು. 'ಗೋಡೆ' ಎಂದೇ ಹೆಸರಾದ ರಾಹುಲ್ ದ್ರಾವಿಡ್ ಅವರಿಂದಾಗಿ ಇವರು ಇನಿಷಿಯಲ್ ಎರಡನ್ನೂ ಜತನದಿಂದ ಹೊತ್ತು ತಿರುಗಬೇಕಾಯಿತು.

ಸಚಿನ್ ವಿಷಯ ಬೇಡವೆಂದುಕೊಂಡಿದ್ದೆ, ಆದರೂ ಬಂತು. ಔರಾದ್, ಭಾಲ್ಕಿ ಕಡೆ ತೊಂಬತ್ತರ ದಶಕದಲ್ಲಿ ಹುಟ್ಟಿದ ಹುಡುಗರ ಹಾಜರಿ ಪುಸ್ತಕ ತೆಗೆದರೆ ಪುಟಕ್ಕೊಬ್ಬ ಸಚಿನ್. ತೆಂಡೂಲ್ಕರ್‌ಗೆ ಆ ಹೆಸರು ಬಂದದ್ದು ಸಂಗೀತ ನಿರ್ದೇಶಕ ಸಚಿನ್ ದೇವ್ ಬರ್ಮನ್ ಅವರಿಂದ. ಆದರೆ 1951ರಲ್ಲಿ, ಮೊಟ್ಟಮೊದಲ ಏಷ್ಯನ್ ಕೂಟ ದಿಲ್ಲಿಯಲ್ಲಿ ನಡೆದಾಗ, 100 ಮೀಟರ್ ಫ್ರೀಸ್ಟೈಲ್ ಈಜಿನಲ್ಲಿ ಭಾರತಕ್ಕೆ ಆ ಕೂಟದ ಮೊದಲ ಚಿನ್ನ ತಂದವರ ಹೆಸರೂ ಸಚಿನ್. ಸಚಿನ್ ನಾಗ್. ಈ ಹಾಜರಿ ಪುಸ್ತಕಗಳಲ್ಲಿ ಅವರ ನೆನಪಿಗೆ ಹೆಸರಿಟ್ಟ ಒಬ್ಬ ಹುಡುಗನೂ ಇರಲಾರ.

ಹೀಗೆ ಹೆಸರು ಕಳೆದುಕೊಂಡವರ ಮೇಲೆ ನಮಗೆ ಬೀದರಿನವರಿಗೆ ವಿಶೇಷ ಮಮತೆ ಇರಬೇಕು, ಯಾಕೆಂದರೆ ನಮ್ಮ ಹುಮಾಯೂನ್‌ಗೂ ಅದೇ ಗತಿಯಾಗಿದೆ. ಬೀದರ್ ಮಗ್ಗುಲಲ್ಲೇ ಇರುವ ಅಷ್ಟೂರಿನಲ್ಲಿ ಬಹಮನಿ ಸುಲ್ತಾನರ ಗುಮ್ಮಟಗಳ ಸಾಲಿದೆ. ಅದರಲ್ಲಿ 1461ರಲ್ಲಿ ತೀರಿಕೊಂಡ ಹುಮಾಯೂನ್ ಶಾನ ಗೋರಿಯೂ ಒಂದು. ದಿಲ್ಲಿಯ ಮೊಗಲ ಹುಮಾಯೂನ್ ತೀರಿಕೊಂಡದ್ದು 1556ರಲ್ಲಿ. ನಮ್ಮವನು ಅಷ್ಟು ಹಿರಿಯ. ಆದರೂ 'ಹುಮಾಯೂನನ ಗೋರಿ' ಎಂದು ಕೇಳಿದರೆ ಸಾಲಿ ಹುಡುಗರು ದಿಲ್ಲಿ ಎನ್ನುತ್ತಾರೆ. ನಮ್ಮವನು ಕ್ರೂರಿ ಎಂಬ ಕಾರಣಕ್ಕೆ 'ಜಾಲಿಮ್' ಎಂಬ ಬಾಲವನ್ನೂ ಅಂಟಿಸಿಕೊಂಡ, ಸಾಲದ್ದಕ್ಕೆ ಸಿಡಿಲು ಬಡಿದು ಅವನ ಗುಮ್ಮಟ ಸೀಳಿ ಅರ್ಧ ಬಿದ್ದುಹೋಯಿತು. ಅದೇ ಸಾಲಿನಲ್ಲಿ ಅವನ ತಾತ ಅಹ್ಮದ್ ಶಾ ವಲಿಯ ಕಥೆ ಇದಕ್ಕೆ ತಿರುವುಮುರುವು. ಕಲಬುರಗಿಯಿಂದ ರಾಜಧಾನಿಯನ್ನು ಬೀದರಿಗೆ ತಂದ ಆ ಸುಲ್ತಾನನನ್ನು ಮುಸಲ್ಮಾನರು ವಲಿ ಎಂದು ನಂಬಿದರೆ, ಲಿಂಗಾಯತ ಭಕ್ತರು ಅಲ್ಲಮಪ್ರಭು ಎಂದೇ ಕೈಮುಗಿಯುತ್ತಾರೆ. ಉರುಸಿಗೆ ಮಾಡ್ಯಾಳದಿಂದ ಜಂಗಮರು ಬರುತ್ತಾರೆ. ಒಂದು ಗೋರಿ, ಎರಡು ಹೆಸರು, ತಕರಾರಿಲ್ಲ. ಈ ಜಾಣತನ ಆಟದ ಪುಟ ಬರೆಯುವವರಿಗೆ ಯಾಕೆ ಬರಲಿಲ್ಲವೋ.

ಹೊರದೇಶದಲ್ಲೂ ಇದೇ ಪಾಡು, ಅಲ್ಲಿ ಟ್ರ್ಯಾಕ್ಟರು ಮಾತ್ರ ಬೇರೆ. ನಾವು ಸ್ಟೀವ್ ಸ್ಮಿತ್ ಎಂದರೆ ಸಿಡ್ನಿಯಲ್ಲಿ ಹುಟ್ಟಿದ ಆಸ್ಟ್ರೇಲಿಯಾದ ಬ್ಯಾಟ್ಸ್‌ಮನ್ ಎನ್ನುತ್ತೇವೆ. ಅಮೆರಿಕದಲ್ಲಿ ಆ ಹೆಸರು ಹೇಳಿದರೆ ಬಾಸ್ಕೆಟ್‌ಬಾಲ್ ಆಟಗಾರನೊಬ್ಬ, ಅವರ ಕಡೆಯ ಫುಟ್‌ಬಾಲ್‌ನ ಆಟಗಾರರಿಬ್ಬರು ಎದ್ದು ನಿಲ್ಲುತ್ತಾರೆ. ಆ ಬಾಸ್ಕೆಟ್‌ಬಾಲ್ ಸ್ಟೀವ್ ಸ್ಮಿತ್ ಒಲಿಂಪಿಕ್ ಚಿನ್ನ ಗೆದ್ದದ್ದು 2000ದಲ್ಲಿ, ಅದೂ ಸಿಡ್ನಿಯಲ್ಲಿ. ಆಗ ಅದೇ ಊರಿನಲ್ಲಿ ಹನ್ನೊಂದು ವರ್ಷದ ಇನ್ನೊಬ್ಬ ಸ್ಟೀವ್ ಸ್ಮಿತ್ ಇದ್ದ, ಟೀವಿಯಲ್ಲಿ ತನ್ನ ಹೆಸರು ಕೂಗಿದ್ದು ಕೇಳಿ ಅವನೇನು ಅಂದುಕೊಂಡನೋ.

ಕ್ರಿಕೆಟ್‌ಗೆ ಸರಿಜೋಡಿ ನಿಂತು ಹೆಸರಿನ ಕುಸ್ತಿ ಹಿಡಿದ ಒಬ್ಬರೇ ಒಬ್ಬರು ಈಚೆಗೆ ಕಂಡಿದ್ದಾರೆ, ಅವರು ಪಂಜಾಬಿನವರು. ಅಲ್ಲಿ ಗಂಡಿಗೂ ಹೆಣ್ಣಿಗೂ ಒಂದೇ ಹೆಸರು, ಹಿಂದೆ ಸಿಂಗ್ ಬಂದರೆ ಗಂಡು, ಕೌರ್ ಬಂದರೆ ಹೆಣ್ಣು. ಹಾಕಿ ನಾಯಕ ಹರ್ಮನ್‌ಪ್ರೀತ್ ಸಿಂಗ್, ಮಹಿಳಾ ಕ್ರಿಕೆಟ್ ನಾಯಕಿ ಹರ್ಮನ್‌ಪ್ರೀತ್ ಕೌರ್. ಟೋಕಿಯೊದ ಕಂಚಿನ ತಂಡದಲ್ಲಿದ್ದ ಸಿಂಗ್, 2024ರ ಪ್ಯಾರಿಸ್‌ನಲ್ಲಿ ತಾವೇ ಹತ್ತು ಗೋಲು ಹೊಡೆದು ತಂಡಕ್ಕೆ ಇನ್ನೊಂದು ಕಂಚು ಕೊಡಿಸಿದರು. ಕಂಚಿನ ಪಂದ್ಯದಲ್ಲಿ ಸ್ಪೇನ್ ಮೇಲಿನ ಎರಡೂ ಗೋಲು ಅವರವೇ. ಅಲ್ಲಿಗೆ ಬರೀ ಹೆಸರು ಹಾಕಿಯ ಪಾಲಾಯಿತು ಎಂದು ನಾನು ಒಳಗೊಳಗೇ ಹಿಗ್ಗಿದ್ದೆ. ಮರುವರ್ಷದ ನವೆಂಬರ್ 2ರ ರಾತ್ರಿ ನವಿ ಮುಂಬೈಯಲ್ಲಿ ದಕ್ಷಿಣ ಆಫ್ರಿಕಾವನ್ನು ಸೋಲಿಸಿ ಕೌರ್ ವಿಶ್ವಕಪ್ ಎತ್ತಿದರು. ಕ್ರಿಕೆಟ್ಟೇ ಆದರೂ ಹೆಣ್ಣುಮಕ್ಕಳ ಕ್ರಿಕೆಟ್ ಎಷ್ಟು ವರ್ಷ ಗೋಡೆಗೆ ಆತುಕೊಂಡು ನಿಂತಿತ್ತು ಎಂಬುದು ಗೊತ್ತಿದ್ದ ಕಾರಣ, ಆ ರಾತ್ರಿ ನನಗೆ ಯಾರ ಪರ ನಿಲ್ಲಬೇಕೆಂದೇ ತಿಳಿಯಲಿಲ್ಲ.

ಅದರ ಮರುದಿನ ಚಹಾದಂಗಡಿಯಲ್ಲಿ ಗದ್ದಲವೋ ಗದ್ದಲ. ನಮ್ಮಣ್ಣನ ಮಗ, "ದೇಶಕ್ಕ ಪದಕ ತಂದ ಕ್ಯಾಪ್ಟನ್ ಹರ್ಮನ್‌ಪ್ರೀತ್ ಗಂಡಸು" ಎಂದು ಒಂದು ಚಹಾ ಪಣಕ್ಕಿಟ್ಟ. ಕಾಕಾ, "ಲೇ ತಮ್ಮಾ, ರಾತ್ರಿ ಕಣ್ಣಾರೆ ನೋಡೀನಿ, ಹರ್ಮನ್‌ಪ್ರೀತ್ ಹೆಣ್ಣುಮಗಳು" ಎಂದು ಎರಡು ಚಹಾ ಇಟ್ಟರು. ಪಂಚರು ಬೇಕಾಯಿತು, ನನ್ನ ಕಡೆ ತಿರುಗಿದರು. ಇಬ್ಬರೂ ಗೆದ್ದಿದ್ದೀರಿ ಎಂದೆ. ಇಬ್ಬರೂ ಗೆದ್ದರೆ ಸೋತವರು ಯಾರು, ರೊಕ್ಕ ಕೊಡುವವರು ಯಾರು ಎಂದು ಕಾಕಾ ಕೇಳಿದರು. ಮೂರು ಚಹಾದ ಲೆಕ್ಕ ನನ್ನ ಖಾತೆಗೆ ಬಿತ್ತು.